ಗಾಳಿಯಲ್ಲಿರುವ ಮಾಸ್ತರರ ಒಂದು ಫೋಟೊ

ಅಲುಗಾಡದ ವಸ್ತುಗಳ ಫೋಟೊ ತೆಗೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಇದನ್ನು ಜಂಬವೆಂದು ತಿಳಿಯಬಾರದು. ಮೂವತ್ತು ವರ್ಷ ನಾನು ಹೊಟ್ಟೆ ಹೊರೆದುಕೊಂಡದ್ದೇ ಅದರಿಂದ. ಪುಣೆಯ ಒಂದು ವಿಮಾ ಕಂಪನಿಯಲ್ಲಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸ ನನ್ನದು. ಕಾತ್ರಜ ಘಾಟಿನಲ್ಲಿ ಲಾರಿಗೆ ಗುದ್ದಿಕೊಂಡ ಕಾರು, ಸಾಸವಡದ ರಸ್ತೆಯಲ್ಲಿ ಮಗುಚಿ ಬಿದ್ದ ಟೆಂಪೊ, ಹೀಗೆ ದಿನಕ್ಕೆ ಎರಡು ಮೂರು. ನಾಲ್ಕೂ ಮಗ್ಗುಲಿನಿಂದ ಫೋಟೊ ತೆಗೆದು ವರದಿಗೆ ಲಗತ್ತಿಸಬೇಕು. ನುಜ್ಜುಗುಜ್ಜಾದ ಕಾರಿಗಿರುವ ಸಹನೆ ಈ ಲೋಕದಲ್ಲಿ ಇನ್ಯಾರಿಗೂ ಇಲ್ಲ. ಅದಕ್ಕೆ ‘ಸ್ವಲ್ಪ ನಗಿ’ ಎನ್ನಬೇಕಾಗಿಲ್ಲ, ಅದು ಕಣ್ಣು ಮುಚ್ಚಿಕೊಳ್ಳುವುದಿಲ್ಲ, ‘ನಾನು ಇದರಲ್ಲಿ ದಪ್ಪ ಕಾಣುತ್ತೇನೆ’ ಎಂದು ಮುನಿಸಿಕೊಳ್ಳುವುದಿಲ್ಲ. ನೀವು ಚಹಾ ಕುಡಿದು ಬಂದರೂ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಹಾಗೇ ಬಿದ್ದಿರುವವುಗಳ ನಡುವೆ ಬದುಕಿದ ನನಗೆ, ನಿವೃತ್ತನಾದ ಮೇಲೆ, ಹಾರುವವರ ಫೋಟೊ ತೆಗೆಯುವ ದುರ್ಬುದ್ಧಿ ಬರಬಾರದಿತ್ತು.

ಆ ಬುದ್ಧಿ ನನಗೆ ತಾನಾಗಿ ಬರಲಿಲ್ಲ, ಬೇರೆಯವರು ತಂದು ಹೇರಿದರು. ನಿವೃತ್ತಿಯ ಮರುವಾರ ಒಂದು ಒಳ್ಳೆಯ ಕ್ಯಾಮೆರಾ ಕೊಂಡು ಕೊರಳಿಗೆ ಹಾಕಿಕೊಂಡು ನಮ್ಮ ಕನ್ನಡ ಬಳಗದ ಕಾರ್ಯಕ್ರಮಕ್ಕೆ ಹೋದೆ. ಕೊರಳಲ್ಲಿ ಸ್ಟೆಥಾಸ್ಕೋಪ್ ಇದ್ದವರೆಲ್ಲ ಡಾಕ್ಟರಾಗಿ ಕಾಣುವಂತೆ ನಾನು ಅಂದಿನಿಂದ ಬಳಗದ ಅಧಿಕೃತ ಛಾಯಾಗ್ರಾಹಕನಾದೆ. ಅಧ್ಯಕ್ಷರ ಭಾಷಣ ಇರುವತನಕ ನನ್ನ ಕೀರ್ತಿಗೆ ಭಂಗ ಬರಲಿಲ್ಲ. ಅವರೂ ಒಂದು ಬಗೆಯಲ್ಲಿ ಬಿದ್ದಲ್ಲೇ ಬಿದ್ದಿರುವವರೇ. ಮೈಕು ಹಿಡಿದರೆ ಮುಕ್ಕಾಲು ಗಂಟೆ ಕದಲುವುದಿಲ್ಲ. ತೊಂದರೆ ಶುರುವಾದದ್ದು ನೃತ್ಯಗಳು ಬಂದಾಗ. ಎಂಟು ಹುಡುಗಿಯರ ಕೋಲಾಟದಲ್ಲಿ ನನಗೆ ಎಂಟು ಲಂಗ ಸಿಕ್ಕವು, ತಲೆ ಒಂದೂ ಸಿಗಲಿಲ್ಲ. ತಾಯಂದಿರು ಲಂಗದ ಅಂಚು ನೋಡಿ ತಮ್ಮ ತಮ್ಮ ಮಕ್ಕಳನ್ನು ಗುರುತಿಸಿಕೊಂಡು ಮನೆಗೆ ಹೋದರು. ‘ಕುಲಕರ್ಣಿಯವರು ಗುಂಡಿ ಒತ್ತೂದರಾಗ ನಾಟಕ ಮುಗಿದು ಊಟಕ್ಕ ಕೂತಿರ್ತಾರ’ ಎಂದು ನನ್ನ ಬಗ್ಗೆ ಒಂದು ಮಾತು ಬಳಗದಲ್ಲಿ ಗಾದೆಯ ಹಾಗೆ ಓಡಾಡತೊಡಗಿತು.

ತಪ್ಪು ಪೂರ್ತಿ ನನ್ನದಲ್ಲ. ರಂಗದ ಮೇಲಿನ ಬೆಳಕು ನೋಡುವವರಿಗಾಗಿ ಇರುತ್ತದೆ, ಕ್ಯಾಮೆರಾಕ್ಕಾಗಿ ಅಲ್ಲ. ಓಡುವವನನ್ನು ಹಿಡಿಯಬೇಕೆಂದರೆ ಶಟರ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಬೇಕು. ಅಷ್ಟು ಬೇಗ ಮುಚ್ಚಿದರೆ ಆ ಮಬ್ಬಿನಲ್ಲಿ ಒಳಗೆ ಬೆಳಕೇ ಬರುವುದಿಲ್ಲ, ಫೋಟೊ ಇದ್ದಿಲು. ಬೆಳಕು ಬರಲಿ ಎಂದು ತೆರೆದಿಟ್ಟರೆ ಅಷ್ಟರಲ್ಲಿ ಮನುಷ್ಯ ಜಾಗ ಬದಲಿಸಿ, ಕಾವಲಿಯ ಮೇಲೆ ಹುಯ್ದ ದೋಸೆಹಿಟ್ಟಿನಂತೆ ಹರಡಿಕೊಂಡಿರುತ್ತಾನೆ. ಫ್ಲ್ಯಾಶ್ ಹಾಕುವ ಹಾಗಿಲ್ಲ, ಕುಣಿಯುವವರ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಇದನ್ನೆಲ್ಲ ನಾನು ತಿಳಿಸಿ ಹೇಳುವಾಗ ಕೇಳುವವರ ಮುಖವೂ ಹಾಗೇ ಹರಡಿಕೊಂಡಿರುತ್ತದೆ.

ಇಂಥ ನನ್ನ ಹತ್ತಿರ ಬಸಲಿಂಗಪ್ಪ ಮಾಸ್ತರರು ಒಂದು ಫೋಟೊ ಕೇಳಿದರು. ಮಾಸ್ತರರಿಗೆ ಎಪ್ಪತ್ತೊಂದು ವರ್ಷ. ರಾಮದುರ್ಗದ ಕಡೆಯವರು. ಪ್ರಾಯದಲ್ಲಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಕೊಂಢವಾ ಬಡಾವಣೆಯ ಅರ್ಧ ಮನೆಗಳ ನೆಲಕ್ಕೆ ಫರಶಿ ಕಲ್ಲು ಕೂಡಿಸಿದವರು. ಅದಕ್ಕೂ ಮೊದಲು ಊರಲ್ಲಿ ದೊಡ್ಡಾಟದ ಹೆಸರಾಂತ ವೇಷಗಾರ. ಈಗ ಕೊಂಢವಾದಲ್ಲೇ ಮಗಳು ಮಹಾದೇವಿಯ ಜೊತೆ ಇದ್ದಾರೆ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬಳಗದ ಬ್ಯಾಂಕು, ಕಾಲೇಜು, ಕಂಪನಿಯ ಜನರನ್ನೆಲ್ಲ ಕೂಡಿಸಿ ಮಾಸ್ತರರು ಒಂದು ವರ್ಷ ದೊಡ್ಡಾಟ ಕಲಿಸಿದ್ದರು. ರಕ್ಕಸ ದೊರೆಯ ಪಾತ್ರ ಮಾತ್ರ ಯಾರಿಗೂ ಕೊಡಲಿಲ್ಲ. ‘ಇದೊಂದ ಆಟ ನಾ ಮಾಡ್ತೀನಿ. ಆಮ್ಯಾಲ ಗೆಜ್ಜಿ ಬಿಚ್ಚತೀನಿ’ ಎಂದಿದ್ದರು.

ತಾಲೀಮು ಮುಗಿದ ಒಂದು ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಕುಲಕರ್ಣಿ ಸಾಹೇಬ್ರ, ಒಂದು ಫೋಟೊ ಬೇಕಾಗಿತ್ರಿ.”

“ಒಂದ್ಯಾಕ ಮಾಸ್ತರ, ನೂರು ತಗೀತೀನಿ.”

“ನೂರು ಬ್ಯಾಡ್ರಿ. ಒಂದ. ನಾ ಗಾಳ್ಯಾಗ ಇರಬೇಕು. ವಯಸ್ಸಿನ್ಯಾಗ ಪೆಟ್ರೋಮ್ಯಾಕ್ಸ್ ಬೆಳಕಿನ್ಯಾಗ ಕುಣದ್ವಿ, ಯಾರ ಹಂತ್ಯಾಕ ಕ್ಯಾಮೆರಾ ಇತ್ರಿ? ಒಮ್ಮೆ ಒಬ್ಬಾಂವ ಬಂದಿದ್ದ. ‘ಅಲ್ಲಾಡಬ್ಯಾಡ, ನೆಟ್ಟಗ ನಿಂದ್ರು’ ಅಂದು ನಿಂದ್ರಿಸಿ ತಗದ. ವೇಷ ಹಾಕ್ಕೊಂಡು ರೇಶನ್ ಕಾರ್ಡಿಗೆ ನಿಂತಂಗ ಆಗೇತಿ ನೋಡ್ರಿ ಅದು.”

ಅವರು ರಂಗಕ್ಕೆ ಬಂದ ಕೂಡಲೇ ಮೂರು ಸಲ ಮೇಲಕ್ಕೆ ಹಾರಿ ಕುಣಿಯುತ್ತಾರೆ. ಮೂರರಲ್ಲಿ ಒಂದಾದರೂ ಸಿಗದೇ? ನಾನು ಮಾತು ಕೊಟ್ಟುಬಿಟ್ಟೆ.

ಮನೆಗೆ ಬಂದು ಅಭ್ಯಾಸ ಶುರುಮಾಡಿದೆ. ನನ್ನ ಹೆಂಡತಿ ಸುಮಿತ್ರಾಗೆ ಹಾಲ್‌ನಲ್ಲಿ ಸ್ವಲ್ಪ ಹಾರು ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನೇ ಎರಡಿಂಚು ಹಾರಿದೆ. ಕೊನೆಗೆ ಕುಕ್ಕರ್ ಸಿಕ್ಕಿತು. ಸೀಟಿ ಹೊಡೆಯುವಾಗ ಅದರ ಮುಚ್ಚಳದ ಮೇಲಿನ ತೂಕದ ಗುಂಡು ಮೇಲಕ್ಕೆ ಎಗರುತ್ತದಲ್ಲ, ಅದನ್ನು ಹಿಡಿಯುವುದೆಂದು ಅಡುಗೆಮನೆಯ ದೀಪ ಆರಿಸಿಕೊಂಡು ಕೂತೆ. ನಾಲ್ಕು ದಿನ ಬೇಳೆ ಬೆಂದು ಬೆಂದು ಪಾಯಸದ ಹದಕ್ಕೆ ಬಂತು. ಹಿಡಿದದ್ದು ಬರೀ ಉಗಿ.

ಆಟ ಇದ್ದದ್ದು ಒಂದು ಭಾನುವಾರದ ಮಧ್ಯಾಹ್ನ. ದೀಪದ ವ್ಯವಸ್ಥೆ ಚೇತನ್ ಎಂಬ ಮೈಸೂರಿನ ಯುವಕನದು. ಹಿಂಜವಡಿಯ ಕಂಪನಿಯೊಂದರಲ್ಲಿ ಇಂಜಿನಿಯರು, ರಂಗಭೂಮಿಯ ಹುಚ್ಚು. “ಅಂಕಲ್, ಎಂಟ್ರಿಗೆ ಫುಲ್ ನೀಲಿ ಕೊಡ್ತೀನಿ, ಮಧ್ಯೆ ರೆಡ್ ಫ್ಲಿಕರ್ ಆಗುತ್ತೆ. ಸಕತ್ತಾಗಿರುತ್ತೆ, ನೋಡ್ತಾ ಇರಿ” ಎಂದ. ಆ ನೀಲಿ ನನ್ನ ಕ್ಯಾಮೆರಾಕ್ಕೆ ಕತ್ತಲೆಯೇ. ಸ್ವಲ್ಪ ಬಿಳಿ ಬೆಳಕು ಹಾಕಪ್ಪಾ ಎಂದು ಬೇಡಿಕೊಂಡೆ. “ಬಿಳೀದಾ? ಮೂಡ್ ಹೋಗ್ಬಿಡುತ್ತೆ ಅಂಕಲ್” ಎಂದ. ಅವನ ಮೂಡು ಉಳಿಯಿತು.

ಮದ್ದಳೆ ಮೊಳಗಿತು. ಮಾಸ್ತರರು ಪರದೆ ಸರಿಸಿ ನುಗ್ಗಿದರು. ತಲೆಯ ಮೇಲೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಸೊಂಟದಿಂದ ಜೋಲುವ ಗೊಂಡೆಗಳು, ಕಾಲಲ್ಲಿ ಗೆಜ್ಜೆ. ತಾಲೀಮಿನಲ್ಲಿ ಮೊಣಕಾಲು ಹಿಡಿದು ಏಳುತ್ತಿದ್ದ ಮುದುಕ ಇವರೇನಾ ಎನ್ನಿಸಿತು. ಹಾಗೆ ಎನ್ನಿಸುವಷ್ಟರಲ್ಲಿ ಮೊದಲನೆಯ ನೆಗೆತ ಮುಗಿದಿತ್ತು. ಎರಡನೆಯದಕ್ಕೆ ಸರಿಯಾಗಿ ನನ್ನ ಮುಂದಿನ ಸಾಲಿನವರೊಬ್ಬರು ಎದ್ದು ಮೊಬೈಲ್ ಎತ್ತಿದರು. ನನ್ನ ಕ್ಯಾಮೆರಾ ಮಾಸ್ತರರನ್ನು ಬಿಟ್ಟು ಆ ಮೊಬೈಲನ್ನು ಬಹಳ ಸ್ಪಷ್ಟವಾಗಿ ಹಿಡಿಯಿತು. ಅದರ ಮೂಲೆಯ ಒಡಕೂ ಎಣಿಸುವಂತಿದೆ. ಮೂರನೆಯದಕ್ಕೆ ನಾನು ಉಸಿರು ಬಿಗಿಹಿಡಿದು ತಾಳ ಎಣಿಸಿ ಒತ್ತಿದೆ. ಅಷ್ಟರಲ್ಲಿ ಬೆಳಕು ಕೆಂಪಾಗಿ ಆರಿತು. ಒಟ್ಟು ಇನ್ನೂರು ಚಿಲ್ಲರೆ ಫೋಟೊ ತೆಗೆದೆ. ನೆಲದ ಮೇಲಿನ ಮಾಸ್ತರರು ಸಾಕಷ್ಟಿದ್ದರು. ಗಾಳಿಯಲ್ಲಿದ್ದ ಮಾಸ್ತರರು ಒಬ್ಬರೂ ಇರಲಿಲ್ಲ.

ಆಟ ಮುಗಿದು ಜನರೆಲ್ಲ ಹೋದ ಮೇಲೆ ಮಾಸ್ತರರು ಬಣ್ಣದ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಸಿದು ಕೂತಿದ್ದರು. ನನ್ನನ್ನು ನೋಡಿದ ಕೂಡಲೇ “ಸಿಕ್ತೇನ್ರಿ?” ಎಂದರು.

ಸಿಕ್ಕಿತು ಎಂದು ಹೇಳಿ ಮನೆಗೆ ಹೋಗಬೇಕಿತ್ತು. ಆಮೇಲೆ ಮೆಮರಿ ಕಾರ್ಡ್ ಕೆಟ್ಟಿತೆಂದೋ ಕಳೆಯಿತೆಂದೋ ಹೇಳಬಹುದಿತ್ತು. ಅಪಘಾತದ ವರದಿಗಳಲ್ಲಿ ಜನ ಹೇಳುವ ಸುಳ್ಳುಗಳನ್ನು ಮೂವತ್ತು ವರ್ಷ ಕೇಳಿದವನು ನಾನು. ಬೇಕಾದಾಗ ಒಂದೂ ನೆನಪಾಗಲಿಲ್ಲ.

“ಇಲ್ರಿ ಮಾಸ್ತರ.”

ಅವರು ಕುರ್ಚಿಯ ಕೈ ಊರಿ ಎದ್ದರು. “ಬಣ್ಣ ಇನ್ನಾ ಅಳಿಸಿಲ್ಲ. ಗೆಜ್ಜಿ ಬಿಚ್ಚಿಲ್ಲ. ನಡೀರಿ, ಒಮ್ಮೆ ಹಾರ್ತೀನಿ.”

ಕಿರೀಟಕ್ಕೆ ಚೀಲ ಹಿಡಿದು ನಿಂತಿದ್ದ ಮಹಾದೇವಿ ಅಡ್ಡ ಬಂದಳು. “ಅಪ್ಪಾ, ಬ್ಯಾಡ. ಕಾಲು ನಡುಗಾಕತ್ತಾವ ನೋಡು. ಇನ್ನೊಂದಿನ ತಗಸಿದ್ರಾತು.”

“ಇನ್ನೊಂದಿನ ಯಾವಾಗ ಬರತೈತೆವ್ವಾ? ಸುಮ್ನ ಸರಿ.”

ಆಕೆ ನನ್ನ ಕಡೆ ನೋಡಿದಳು. ನಾನಾದರೂ ಬೇಡವೆನ್ನುತ್ತೇನೆ ಎಂದು ಕಾದಳು. ನಾನು ಕ್ಯಾಮೆರಾದ ಗುಂಡಿ ತಿರುವುತ್ತಿದ್ದೆ. ಈಗ ಬೆಳಕು ನನ್ನ ಕೈಯಲ್ಲಿದೆ, ಮುಂದೆ ಮೊಬೈಲ್ ಎತ್ತುವವರಿಲ್ಲ, ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಗದು ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

ಚೇತನ್ ಇದ್ದಬಿದ್ದ ಬಿಳಿ ದೀಪಗಳನ್ನೆಲ್ಲ ಹೊತ್ತಿಸಿದ. ಮದ್ದಳೆಯವರು ಹೋಗಿಬಿಟ್ಟಿದ್ದರು. ಮಾಸ್ತರರು ಬಾಯಿಂದಲೇ ತಾಳ ಹೇಳಿಕೊಳ್ಳುತ್ತ ಖಾಲಿ ಕುರ್ಚಿಗಳ ಮುಂದೆ ನಾಲ್ಕು ಹೆಜ್ಜೆ ಹಾಕಿ ಹಾರಿದರು. ನಾನು ಒತ್ತಿದೆ. ಒತ್ತಿದ ಬೆರಳಿಗೇ ಗೊತ್ತಾಯಿತು, ಸಿಕ್ಕಿತು ಎಂದು. ನನ್ನ ಜನ್ಮದಲ್ಲಿ ಮೊದಲ ಸಲ, ಸರಿಯಾದ ಹೊತ್ತಿಗೆ. ಆ ಸಂತೋಷದಲ್ಲಿ ‘ಸಿಕ್ತು’ ಎಂದು ನಾನು ಕೂಗುವುದಕ್ಕೂ, ರಂಗದ ಹಲಗೆಯ ಮೇಲೆ ಅವರು ಬಿದ್ದ ಸದ್ದು ಕೇಳುವುದಕ್ಕೂ ಸರಿಹೋಯಿತು.

ಆಸ್ಪತ್ರೆಗೆ ಚೇತನನ ಕಾರಿನಲ್ಲಿ ಹೋದೆವು. ಕಿರೀಟ ತೆಗೆದಿದ್ದರೂ ಮುಖದ ಬಣ್ಣ ಹಾಗೇ ಇತ್ತು. ತುರ್ತು ವಿಭಾಗದ ಸಾಲಿನಲ್ಲಿ ಜ್ವರ ಬಂದ ಮಗುವೊಂದು ಕೆಂಪು ಕಣ್ಣು, ಕೋರೆಮೀಸೆಯ ರಕ್ಕಸನನ್ನು ನೋಡಿ ಕಿಟಾರನೆ ಕಿರುಚಿ ತಾಯಿಯ ಸೆರಗಿನೊಳಗೆ ಹೊಕ್ಕಿತು. ನರ್ಸು ಬಂದು “ಅಹೋ ಆಜೋಬಾ, ನಾಟಕಾತ ಪಡಲಾತ ಕಾ?” ಎಂದು ಮರಾಠಿಯಲ್ಲಿ ಕೇಳಿದಳು, ಅಜ್ಜಾ, ನಾಟಕದಲ್ಲಿ ಬಿದ್ದಿರಾ ಎಂದು. ನೋವಿನಲ್ಲೂ ಮಾಸ್ತರರು ತಲೆ ಅಲ್ಲಾಡಿಸಿದರು. “ನಾಟಕಾತ ನಾಹಿ ಬಾಯಿ, ಫೋಟೋತ.” ನಾಟಕದಲ್ಲಲ್ಲ, ಫೋಟೊದಲ್ಲಿ ಎಂದಾಗ ನರ್ಸೂ ನಕ್ಕಳು. ಮಹಾದೇವಿ ಮಾತ್ರ ನಗಲಿಲ್ಲ. ಅರ್ಜಿಗೆ ಸಹಿ ಹಾಕುತ್ತ ನನ್ನತ್ತ ತಿರುಗದೆ, “ನೀವರ ಒಂದು ಮಾತು ಬ್ಯಾಡ ಅನಬೇಕಿತ್ರಿ ಕಾಕಾ” ಎಂದಳು.

ಪಾದದ ಕೀಲಿನ ಎಲುಬು ಎರಡು ಕಡೆ ಮುರಿದಿತ್ತು. ಲೋಹದ ಪಟ್ಟಿ ಕೂಡಿಸಿ ಮೊಳೆ ಹೊಡೆದರು. ಕೋಲು ಹಿಡಿದು ನಡೆಯಬಹುದು, ಹಾರುವ ಮಾತು ಮರೆತುಬಿಡಿ ಎಂದರು ಡಾಕ್ಟರು.

ಇಪ್ಪತ್ತು ದಿನದ ಮೇಲೆ ಫೋಟೊ ದೊಡ್ಡದು ಮಾಡಿಸಿಕೊಂಡು, ಸುಮಿತ್ರಾಳನ್ನು ಕರೆದುಕೊಂಡು ಕೊಂಢವಾಕ್ಕೆ ಹೋದೆ. ಫೋಟೊ ಅದ್ಭುತವಾಗಿತ್ತು. ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ. ಕಿರೀಟದ ಒಂದೊಂದು ಮಣಿ, ಹುಬ್ಬಿನ ಮೇಲಿನ ಬೆವರು, ಎಲ್ಲ ಕೊರೆದಿಟ್ಟಂತಿತ್ತು. ಒಂದೇ ಕೊರತೆ. ಅಂಗಾಲಿಗೂ ಹಲಗೆಗೂ ನಡುವೆ ಇದ್ದದ್ದು ಒಂದು ಗೇಣು. ಅದೂ ದೊಡ್ಡವರ ಗೇಣಲ್ಲ.

ಮಾಸ್ತರರು ಕಾಲು ಚಾಚಿಕೊಂಡು ಕೂತು ಕನ್ನಡಕ ಹಾಕಿ ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. ಫರಶಿ ಕೂಡಿಸುವವರ ಕಣ್ಣು ಅವರದು. ಒಂದು ನೂಲಿನ ಏರಿಳಿತವೂ ತಪ್ಪುವುದಿಲ್ಲ.

“ಇಷ್ಟ ಏನ್ರಿ ನಾ ಹಾರೂದು?” ಎಂದರು ಮೆಲ್ಲಗೆ. “ಊರಾಗ ಮಂದಿ ಅಂತಿದ್ರು, ಬಸಲಿಂಗ ಹಾರಿದ್ರ ಅವನ ಕಾಲ ಕೆಳಗ ಕುರಿ ಹಾದು ಹೊಕ್ಕಾವ ಅಂತ. ನಾನೂ ಹಂಗ ತಿಳಕೊಂಡ ಹಾರಿದ್ನಿ ಮೊನ್ನೆ. ಇದರಾಗ ಬೆಕ್ಕೂ ಹಾಯೂದಿಲ್ಲಲ್ರಿ.”

ಹೊಲಿಗೆಯಂತ್ರದ ಸದ್ದು ನಿಂತಿತು. ಎಪ್ಪತ್ತೊಂದು ವರ್ಷದ ಮನುಷ್ಯ ಅಷ್ಟು ಹೊತ್ತು ಒಂದು ಗೇಣನ್ನು ನೋಡುತ್ತ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

“ತಪ್ಪು ನಂದರೀ ಮಾಸ್ತರ,” ಎಂದೆ. “ನಾ ತಡಾ ಒತ್ತಿದೆ. ನೀವು ಭಾಳ ಮ್ಯಾಲ ಹೋಗಿದ್ರಿ. ಇಳದು ಇನ್ನೇನು ನೆಲ ಮುಟ್ಟತೀರಿ ಅನ್ನೂದರಾಗ ಬಿತ್ತು ಈ ಫೋಟೊ. ನನ್ನ ಹಣೇಬರಾನ ಇಷ್ಟು, ನಿಮಗ ಗೊತ್ತದಲ್ಲ.”

ಮಾಸ್ತರರು ನನ್ನ ಮುಖ ನೋಡಿದರು. ಫೋಟೊ ನೋಡಿದರು. ನಿಧಾನವಾಗಿ ಅವರ ಮೀಸೆ ಮೇಲಕ್ಕೆ ಹೋಯಿತು.

“ಹಂಗ ಅನ್ರಿ ಮತ್ತ! ಅದಕ್ಕ ಮಂದಿ ನಿಮಗ ಅಂತಾರ ನೋಡ್ರಿ, ಕುಲಕರ್ಣಿಯವರು ಗುಂಡಿ ಒತ್ತೂದರಾಗ…” ಎಂದು ಪೂರ್ತಿ ಮಾಡದೆ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ಮಹಾದೇವಿ ಎದ್ದು ಹೋಗಿ ಚಹಾ ತಂದಳು. ಮೊದಲ ಕಪ್ಪು ನನಗೆ ಕೊಟ್ಟಳು.

ಆ ಫೋಟೊ ಈಗ ಅವರ ಮನೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಮಾಸ್ತರರು ಅದನ್ನು ತೋರಿಸಿ, ತಾವು ನಿಜವಾಗಿ ಎಲ್ಲಿಯತನಕ ಹೋಗಿದ್ದೆವೆಂದು ಕೋಲಿನಿಂದ ಗೋಡೆಯ ಮೇಲೆ ಗುರುತು ಮಾಡಿ ಹೇಳುತ್ತಾರೆ. ಆ ಗುರುತು ಒಂದೊಂದು ಸಲಕ್ಕೆ ನಾಲ್ಕು ಬೆರಳು ಏರುತ್ತಿದೆ ಎಂದು ಕೇಳಿದ್ದೇನೆ. ಬಳಗದವರು ಸಭೆ ಸೇರಿ, ಮಾಸ್ತರರ ಕಡೆಯ ನೆಗೆತವನ್ನೂ ಕೆಡಿಸಿದ ನನ್ನನ್ನು ಫೋಟೊ ಕೆಲಸದಿಂದ ಬಿಡಿಸಿ, ಅತಿಥಿಗಳ ಚಪ್ಪಲಿ ಕಾಯುವ ಉಸ್ತುವಾರಿಗೆ ಹಾಕಿದ್ದಾರೆ. ಒಬ್ಬರೂ, ಸೌಜನ್ಯಕ್ಕಾದರೂ, ‘ಕುಲಕರ್ಣಿಯವರು ತಡ ಮಾಡಿರಲಿಕ್ಕಿಲ್ಲ’ ಎನ್ನಲಿಲ್ಲ.

ಅವತ್ತು ಕೊಂಢವಾದಿಂದ ರಿಕ್ಷಾದಲ್ಲಿ ಬರುವಾಗ ಸುಮಿತ್ರಾ ಕೇಳಿದಳು:

“ಇಳೀಲಿಕ್ಕೆ ಹತ್ತಿದ್ರ ಅವರ ಸೊಂಟದ ಗೊಂಡೆ ಮ್ಯಾಲ ಹಾರಿರಬೇಕಾಗಿತ್ತಲ್ರೀ? ಅವು ಮ್ಯಾಲೂ ಇಲ್ಲ, ಕೆಳಗೂ ಇಲ್ಲ, ಹಂಗ ಅಡ್ಡ ತೇಲಿಕೋತ ನಿಂತಾವ. ಅವರು ತುದೀಗೆ ಮುಟ್ಟಿದಾಗನ ತಗದೀರಿ ನೀವು, ಹೌದಲ್ಲೋ?”

ಇಷ್ಟು ವರ್ಷಕ್ಕೆ ಒಬ್ಬರಾದರೂ ನನ್ನ ಫೋಟೊವನ್ನು ಸರಿಯಾಗಿ ನೋಡಿದರಲ್ಲ! “ಹೌದು, ಸುಮಿತ್ರಾ,” ಎಂದೆ. “ಸರೀ ಹೊತ್ತಿಗೇ ಒತ್ತಿದ್ದೆ. ಆದರ ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಬಿಟ್ರೂ ಚಿಂತಿಲ್ಲ ತಗೋರಿ,” ಎಂದಳು ಅವಳು, “ಯಾರ ನಂಬ್ತಾರ?”