ಒಂದನೇ ಮಡಕೆಯ ಮೀನು

ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತಿತ್ತು. ಕದಿರಪ್ಪನ ಬಿ.ಎಸ್ಸಿ. ಡಿಗ್ರಿಯ ಪ್ರಾಣ ಅವನ ಮನೆಯ ಜಗುಲಿಯ ಮೇಲೆ, ಐದು ಮಡಕೆಗಳ ಕೆರೆಮೀನುಗಳಲ್ಲಿತ್ತು.

ಕೋಲಾರದ ಕಾಲೇಜಿನಲ್ಲಿ ಅವನಿಗೆ ಕೊನೆಯ ವರ್ಷ. ನೀರಿಗೆ ಎಷ್ಟು ವಿಷ ಬೆರೆತರೆ ಎಷ್ಟು ಮೀನು ಸಾಯುತ್ತವೆ ಎಂದು ಎಣಿಸಿ, ಗ್ರಾಫ್ ಬರೆದು, ನಾಳೆ ರೆಕಾರ್ಡ್ ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಜೂವಾಲಜಿ ಮೇಷ್ಟ್ರು ಹೇಳಿಬಿಟ್ಟಿದ್ದರು. ವಿಷಕ್ಕೇನು ಬರ? ಮಾವು ಹೂ ಬಿಟ್ಟ ಕಾಲ. ಗೌನಿಪಲ್ಲಿ ಸುತ್ತಿನ ತೋಟಗಳೆಲ್ಲ ಹುಳಕ್ಕೆ ಹೊಡೆಯುವ ಎಂಡ್ರಿನ್ ವಾಸನೆ ಹೊಡೆಯುತ್ತಿದ್ದವು. ಪಂಚಾಯ್ತಿ ಚೇರ್ಮನ್ ಕೋದಂಡರಾಮಪ್ಪನವರೇ ತಮ್ಮ ಡಬ್ಬದಿಂದ ಒಂದು ಮಸಿಸೀಸೆ ತುಂಬಿಸಿಕೊಟ್ಟಿದ್ದರು, ಮಗುವಿಗೆ ಜೇನು ಕೊಟ್ಟಷ್ಟು ಪ್ರೀತಿಯಿಂದ.

ಮಡಕೆಗೆ ಹತ್ತು ಮೀನು. ಒಂದನೇ ಮಡಕೆಗೆ ಬರೀ ಕೆರೆ ನೀರು. ಉಳಿದ ನಾಲ್ಕಕ್ಕೆ ವಿಷ, ಒಂದಕ್ಕಿಂತ ಒಂದಕ್ಕೆ ಹೆಚ್ಚು. ಮಿಕ್ಕ ವಿಷದ ಸೀಸೆ ಮಕ್ಕಳ ಕೈಗೆ ಸಿಗದಿರಲೆಂದು ಅವನ ಜೇಬಿಗೆ ಹೋಯಿತು. ಬೆಳಿಗ್ಗೆಯಿಂದ ಬೀದಿಯವರೆಲ್ಲ ಬಂದು ಹೋದರು. ಒಬ್ಬರು ಸಾರಿಗೆ ಹುಳಿ ಎಷ್ಟು ಹಾಕುತ್ತೀಯ ಎಂದು ಕೇಳಿದರು. ಮೀನು ಸಾಯಿಸುವುದನ್ನು ಕಲಿಯಲು ಕೋಲಾರದವರೆಗೆ ಹೋಗಬೇಕಿತ್ತೇ ಎಂದು ಇನ್ನೊಬ್ಬರು ಮರುಗಿದರು. ಪಕ್ಕದ ಮನೆಯ ಮುನಿಯಲ್ಲಮ್ಮ ಮಾತ್ರ ಸಾವಿನ ಮನೆಗೆ ಬಂದವಳಂತೆ ಬಾಯಿಗೆ ಸೆರಗಿಟ್ಟುಕೊಂಡು ಕೂತಳು.

ಮಧ್ಯಾಹ್ನಕ್ಕೆ ಐದನೇ ಮಡಕೆಯವು ಪೂರ್ತಿ ಸತ್ತಿದ್ದವು, ನಾಲ್ಕನೆಯದರಲ್ಲಿ ಎರಡು ಉಳಿದಿದ್ದವು, ಒಂದನೆಯದರಲ್ಲಿ ಹತ್ತೂ ಮದುವೆ ಮನೆಯ ಮಕ್ಕಳಂತೆ ಓಡಾಡುತ್ತಿದ್ದವು. ಪುಸ್ತಕದಲ್ಲಿದ್ದ ಹಾಗೆಯೇ. ಸಂಜೆಯ ಒಂದು ಎಣಿಕೆ ಬಾಕಿ. ಕದಿರಪ್ಪ ಖುಷಿಯಲ್ಲಿ ಗ್ರಾಫ್ ಹಾಳೆ ತರಲು ಶ್ರೀನಿವಾಸಪುರದ ಬಸ್ಸು ಹತ್ತಿದ.

ಬಂದು ನೋಡಿದರೆ ಐದು ಮಡಕೆಯಲ್ಲೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಕಣ್ಣಲ್ಲಿ ನೋಡೋಕಾಗ್ಲಿಲ್ಲ ಕಣಪ್ಪ," ಅಂದಳು ಮುನಿಯಲ್ಲಮ್ಮ. "ನಿನ್ನ ನೀರೆಲ್ಲ ತಿಪ್ಪೆಗೆ ಚೆಲ್ಲಿ, ಬಾವಿಯಿಂದ ಸೀನೀರು ತಂದು ತುಂಬಿಸ್ದೆ. ಬದುಕ್ಕೊಳ್ಲಿ ಅಂತ. ಒಂದನೇದಕ್ಕೂ ಹಾಕ್ದೆ, ಅದಕ್ಯಾಕೆ ಮೋಸ."

ಬೈಯಲು ಬಾಯಿ ತೆರೆದ ಕದಿರಪ್ಪ ಒಂದನೇ ಮಡಕೆಯತ್ತ ಬಗ್ಗಿದ. ಒಂದನೇ ಮಡಕೆಗೆ ವಿಷದ ಹನಿಯೇ ಬಿದ್ದಿರಲಿಲ್ಲ. ಅದರ ಹತ್ತು ಮೀನನ್ನು ಕೊಂದದ್ದು ಊರು ಕುಡಿಯುವ ನೀರು. ರೆಕಾರ್ಡ್ ಮರೆತು ಅವನು ಬಾವಿಗೆ ಓಡಿದ.

ಬಾವಿಕಟ್ಟೆಯ ಮೇಲೆ ಚೇರ್ಮನ್ನರ ಸ್ಪ್ರೇ ಕ್ಯಾನು ತೊಳೆದು ಕವುಚಿತ್ತು, ಪಕ್ಕದಲ್ಲಿ ಡಬ್ಬ, ಅದರ ಪಕ್ಕ ಚೇರ್ಮನ್ನರು. ತೊಳೆದ ನೀರು ಕಟ್ಟೆಯ ಬಿರುಕಿನಿಂದ ಬಾವಿಯೊಳಕ್ಕೇ ತೊಟ್ಟಿಕ್ಕುತ್ತಿತ್ತು. ಮಾವು ಹೂ ಬಿಟ್ಟಾಗಿನಿಂದ ದಿನಾ ಅದೇ. ಕದಿರಪ್ಪ ಸತ್ತ ಮೀನಿನ ಕತೆ ಹೇಳಿ, ಯಾರೂ ಕುಡಿಯಬೇಡಿ ಎಂದು ಬೇಡಿಕೊಂಡ. ನೀರಿಗೆ ಬಂದಿದ್ದ ಹೆಂಗಸರು ಬಿಂದಿಗೆ ಕೆಳಗಿಟ್ಟರು. ಒಂದು ಗಳಿಗೆ ಅವನು ಗೆದ್ದಂತೆಯೇ ಇತ್ತು.

"ಏಂ ಅಬ್ಬಾಯ್," ಚೇರ್ಮನ್ನರು ಮೆಲ್ಲಗೆ ಕೇಳಿದರು, "ಜೇಬಲ್ಲಿ ವಿಷದ ಸೀಸೆ ಇಟ್ಕೊಂಡು ಓಡಾಡ್ತಿರೋನು ಯಾರು?"

"ನೀವೇ ಕೊಟ್ಟಿದ್ದಲ್ವಾ ಮಾವ. ನಿಮ್ಮ ಕ್ಯಾನಲ್ಲಿರೋದೂ ಅದೇ."

"ನಂದು ಔಷಧಿ ಕಣೋ, ಮಾವಿಗೆ ಹೊಡೆಯೋದು. ಸಾಯಿಸೋಕೆ ಅಂತ ಇಟ್ಕೊಂಡಿರೋನು ನೀನು."

ಎಲ್ಲರ ಕಣ್ಣೂ ಕದಿರಪ್ಪನ ಜೇಬಿನ ಮೇಲೆ ಬಿತ್ತು. ಯಾರೋ ಕೋಲು ಹುಡುಕತೊಡಗಿದರು.

"ಬಾವಿಗೆ ಏನೂ ಹಾಕಿಲ್ಲ ಅಂದ್ರೆ, ಎಲ್ಲರ ಮುಂದೆ ಒಂದು ಚೊಂಬು ಕುಡಿ," ಅಂದರು ಚೇರ್ಮನ್ನರು.

ಕುಡಿಯದಿದ್ದರೆ ಅವನೇ ವಿಷ ಹಾಕಿದವನು. ಕುಡಿದರೆ ಸಾಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೀನನ್ನು ಗಂಟೆಯಲ್ಲಿ ಕೊಲ್ಲುವ ವಿಷ ಮನುಷ್ಯನ ಮೈಯಲ್ಲಿ ಸದ್ದಿಲ್ಲದೆ ಕೂಡುತ್ತ, ಎಂದೋ ಒಂದು ದಿನ ಬಾಯಿ ಬಿಡುತ್ತದೆ. ಆ ಪಾಠ ಅವನಿಗೆ ಬಾಯಿಗೇ ಬರುತ್ತಿತ್ತು. ಕಣ್ಣು ಮುಚ್ಚಿ ಕುಡಿದ.

ಊರು ಉಸಿರು ಹಿಡಿದು ಕಾಯಿತು. ಒಂದು ತಲೆಸುತ್ತಾದರೂ, ಸಣ್ಣದೊಂದು ವಾಂತಿಯಾದರೂ ಬರಲಿ ಎಂದು ಕದಿರಪ್ಪ ಮನೆದೇವರಿಗೆ ಹರಕೆ ಹೊತ್ತ.

ಬಂದದ್ದು ತೇಗು.

ಜನ ಬಿದ್ದು ಬಿದ್ದು ನಕ್ಕರು. ಬಿಂದಿಗೆಗಳು ತುಂಬಿಕೊಂಡು ಮನೆಗೆ ಹೊರಟವು. ನೀರು ಚಿನ್ನದಂಥದ್ದು, ಆ ಮೀನುಗಳ ಆಯುಸ್ಸೇ ಅಷ್ಟು ಎಂದು ಹಿಂದೆಯೇ ಬಂದಿದ್ದ ಮುನಿಯಲ್ಲಮ್ಮ ಸಮಾಧಾನ ಹೇಳಿದಳು. ಚೇರ್ಮನ್ನರ ಮನಸ್ಸೂ ಕರಗಿತು. ಓದುವ ಹುಡುಗ, ಪಾಪ, ಮತ್ತೆ ಮೊದಲಿಂದ ಮಾಡಬೇಕಲ್ಲ ಎಂದು ಮಸಿಸೀಸೆ ಇಸಿದುಕೊಂಡು, ಡಬ್ಬದಿಂದ ಕುತ್ತಿಗೆಯವರೆಗೆ ತುಂಬಿಕೊಟ್ಟರು. ಒಂದಿಷ್ಟು ಹೊರಗೆ ಚೆಲ್ಲಿತು. ಮಕ್ಕಳು ತುಳಿದಾವು ಎಂದು ಎರಡು ಬಿಂದಿಗೆ ನೀರು ಸೇದಿಸಿ, ಕಟ್ಟೆಯನ್ನು ಬಿರುಕಿನ ಕಡೆಗೆ ಚೆನ್ನಾಗಿ ತೊಳೆದುಬಿಟ್ಟರು.