ಬಾಜೂ ಕುರ್ಚಿ

ಮಗಳು ಸರ್ಕಾರದ ಸಹಾಯದಿಂದ ವಿಮಾನ ನಡೆಸೋದು ಕಲಿಯಲು ಹೋದಾಗಿನಿಂದ ನಮ್ಮ ಹುಮನಾಬಾದಿನ ಮನೆಯಲ್ಲಿ ಏನಾದರೊಂದು ನಡೀತಾನೇ ಇದೆ. ಅವಳ ಅವ್ವ ತೀರಿಹೋದ ಮೇಲೆ ಮನೆ ಸುಮ್ಮನಾಗಿತ್ತು. ಈಗ ಇಲ್ಲ.

೧. ಎಮ್ಮೆ

ಮೊದಲ ಸಲ ಒಬ್ಬಳೇ ಹಾರಬೇಕಾದ ದಿನ ಮಾಸ್ತರರು ಬೇಡ ಅಂದರು. ಗಾಬರಿಗೆ ಅವಳ ಕೈಯೇ ಓಡಲಿಲ್ಲವಂತೆ. ಊರಿಗೆ ಹೋಗು, ಕುರ್ಚಿ ಮೇಲೆ ಕೂತು ರೂಢಿ ಮಾಡು, ಮಾಡೋದನ್ನೆಲ್ಲ ಬಾಯಿಬಿಟ್ಟು ಹೇಳು ಅಂದರು. ಇನ್ನೊಮ್ಮೆ ಹೀಗಾದರೆ ಶಾಲೆ ಬಿಡಬೇಕು ಅಂತಲೂ ಅಂದರು.

ಅಂಗಳದಲ್ಲಿ ಕುರ್ಚಿ ಹಾಕಿದಳು. ಲಟ್ಟಣಿಗೆ ಹಿಡಿದಳು. ಹಾರಿದಳು. ನಾನು ಹಾಲು ಹಿಂಡುತ್ತಿದ್ದೆ.

"ಅಪ್ಪಾ, ಎಮ್ಮಿ ಸರಸು. ರನ್‌ವೇ ಮ್ಯಾಲ ಐತಿ."

ಸರಿಸಿದೆ. ಎಮ್ಮೆ ಹಾಲಿನ ಚರಿಗೆ ಒದೆಯಿತು. ವಿಮಾನ ಚಲೋ ಇಳಿಯಿತು. ನಾವು ಕರಿ ಚಹಾ ಕುಡಿದೆವು.

೨. ಹೊಗೆ

ಬಸವಕಲ್ಯಾಣದಿಂದ ನಮ್ಮ ಅಕ್ಕ ಬಂದಳು. ಬಾಗಿಲಲ್ಲೇ ಮಗಳನ್ನು ಉಂಡಿಯಾ ಅಂತ ಕೇಳಿದಳು. ಅವಳು ಕುರ್ಚಿ ಮೇಲೆ ಕೂತು ವಿಮಾನ ಇಳಿಸುತ್ತಿದ್ದಳು. ಇಳಿಸುವಾಗ ಬೇರೆ ಮಾತಾಡಬಾರದು ಅನ್ನೋದು ವಿಮಾನದವರ ಕಾಯ್ದೆ. ಅಕ್ಕನಿಗೇನು ಗೊತ್ತು? ತಾಯಿಯಿಲ್ಲದ ಕೂಸಿಗೆ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಮ್ಮೆಯೂ ಕೆಮ್ಮಿತು.

ಮಗಳು ಲಟ್ಟಣಿಗೆ ಬಿಡಲಿಲ್ಲ. "ಇಂಜಿನದಾಗ ಹೊಗಿ. ಇದನ್ನೂ ರೂಢಿ ಮಾಡ್ತೀನಿ" ಅಂದಳು.

೩. ಜೋಡಿ

ಮಗಳು ವಾಪಸ್ ಹೊರಡುವ ಮುಂದೆ ಅಕ್ಕನಿಗೆ ಗೊತ್ತಾಯಿತು, ಹುಡುಗಿ ಒಬ್ಬಳೇ ಹಾರಬೇಕು ಅಂತ. ಪಕ್ಕದ ಮನ್ನಾಏಖೇಳ್ಳಿಗೆ ಬಸ್ಸಲ್ಲಿ ಸುದ್ದಾ ಒಬ್ಬಳನ್ನೇ ಕಳಿಸೋದಿಲ್ಲ, ಆಕಾಶಕ್ಕೆ ಕಳಿಸ್ತೀಯಾ ಅಂತ ನನಗೆ ಬೈದಳು.

"ಆ ಮಾಸ್ತರಗ ಹೇಳು. ನಾ ಹಿಂದ ಕುಂದರ್ತೀನಿ. ಏನೂ ಮಾತಾಡಂಗಿಲ್ಲ."

ಆ ಕಡೇ ಮಾತನ್ನು ಮನೆಯಲ್ಲಿ ಯಾರೂ ನಂಬಲಿಲ್ಲ.

೪. ಆ ದಿನ

ಮಗಳ ಫೋನು ಬರೋತನಕ ನಾನು ಉಣ್ಣಲಿಲ್ಲ. ಬಂತು.

ಮಾಸ್ತರರು ವಿಮಾನದಿಂದ ಇಳಿದು ಹೋದರಂತೆ. ಬಾಜೂ ಕುರ್ಚಿ ಖಾಲಿ. ಮೇಲೆ ಹೋದಕೂಡಲೇ ಮತ್ತೆ ಅದೇ ಗಾಬರಿ ಬಂತಂತೆ. ಆ ಕುರ್ಚಿಯಲ್ಲಿ ಅವ್ವ ಕೂತಿದ್ದಾಳೆ ಅಂದುಕೊಂಡು ಎಲ್ಲಾ ಅವಳಿಗೇ ಹೇಳುತ್ತಾ ಹೋದಳಂತೆ. ವೇಗ ಇಷ್ಟು, ಎತ್ತರ ಇಷ್ಟು, ಈಗ ಎಡಕ್ಕೆ ತಿರುಗಿಸ್ತೀನಿ. ಕೈ ಓಡಿತು. ಕಡೆಗೆ, "ಅವ್ವಾ, ಅಂಜಬ್ಯಾಡ. ಇಳಸಾಕತ್ತೇನಿ."

ರೇಡಿಯೋ ಗುಂಡಿ ಮೇಲಿನ ಬೆರಳು ತೆಗೆಯೋದು ಮಾತ್ರ ಮರೆತಿದ್ದಳು. ಮೈದಾನಕ್ಕೆಲ್ಲ ಕೇಳಿಸಿತ್ತು.

ಗಾಲಿ ನೆಲ ಮುಟ್ಟಿತು. ಗುಂಡಿ ಬಿಟ್ಟಳು. ಟವರಿನಲ್ಲಿ ಕೂತವನು ನಮ್ಮ ಕಡೆಯವನೇ. ಅಂದನಂತೆ:

"ಚಲೋ ಇಳಿಸಿದ್ರಿ. ಅವ್ವಾರಿಗೆ ಈಗ ಬೆಲ್ಟ್ ಬಿಚ್ಚಾಕ ಹೇಳ್ರಿ."