ಬಸ್ಸಿಗೆ ಬೇಕಾದ ಇನ್ನೂರು ತಲೆ

ನಮ್ಮೂರಿನ ಜನರನ್ನು ಎಣಿಸಲು ಹೊರಟವರು ಯಾರೂ ನೆಟ್ಟಗೆ ಮನೆಗೆ ಮರಳಿಲ್ಲ. ನಾನು ಇಲ್ಲಿನ ಅಂಗನವಾಡಿ ಟೀಚರ್, ಇದೇ ಊರಿನ ಸೊಸೆ. ಎಣಿಸುವುದೇ ನನ್ನ ಕೆಲಸವಾದ್ದರಿಂದ ಇಂಥ ಪೇಚಾಟ ನನಗೆ ಮುಗಿಯುವುದೇ ಇಲ್ಲ.

ತಮಿಳುನಾಡಿನಲ್ಲಿ ಕನ್ನಡ ಮಾತಾಡುವವರ, ಕೆರೆ ದಂಡೆಯ ಸಣ್ಣ ಊರು ನಮ್ಮದು. ಉತ್ತಮಪಾಳಯಂ ಬಸ್ಸು ದೊಡ್ಡ ರಸ್ತೆಯಲ್ಲೇ ಹೋಗಿಬಿಡುತ್ತದೆ. ನಮ್ಮತ್ತೆ ಸೊಪ್ಪಿನ ಬುಟ್ಟಿ ಹೊತ್ತು, ಮಂಡಿ ನೋವಿನಲ್ಲಿ ದಿನವೂ ಅಲ್ಲಿಯವರೆಗೆ ನಡೆಯುತ್ತಾರೆ. ಅದನ್ನು ನೋಡಲಾರದೆ ನಾನೇ ಬಸ್ ಆಫೀಸಿಗೆ ಅರ್ಜಿ ಬರೆದೆ. ಇನ್ನೂರು ಜನ ಇದ್ದರೆ ಕೆರೆ ಏರಿಯವರೆಗೂ ಬಸ್ಸು ಕಳಿಸುತ್ತೇವೆ ಎಂದು ಉತ್ತರ ಬಂತು.

ಮನೆ ಮನೆ ಲೆಕ್ಕ

ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿದೆ. ಅತ್ತೆ ನನ್ನ ಪೆನ್ನು ಹಿಡಿದುಕೊಂಡರು. ತಲೆ ಎಣಿಸಿದರೆ ದೃಷ್ಟಿ ತಾಕುತ್ತದೆ ಎನ್ನುವುದು ಇಲ್ಲಿಯವರ ಹಳೆಯ ನಂಬಿಕೆ.

"ಊರೆಲ್ಲಾ ಎಣಿಸ್ಕೋ ತಾಯಿ, ನಮ್ಮನೆ ಒಂದು ಬುಟ್ಬುಡು" ಎಂದರು.

ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಅದರ ಪಕ್ಕದವರೂ ಅಷ್ಟೇ. ಸಂಜೆಯ ಹೊತ್ತಿಗೆ ಇಡೀ ಊರು ಸುತ್ತಿ ಬಂದೆ. ನನ್ನ ಪುಸ್ತಕದಲ್ಲಿ ಒಂದು ಕೆರೆ ಮತ್ತು ಅಂಗನವಾಡಿ ಬಾಗಿಲಲ್ಲಿ ಮಲಗುವ ನಾಯಿ ಮಾತ್ರ ಇದ್ದವು.

ಮೀನಿನ ದಿನ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮೀನು ಹಿಡಿದು ಹಂಚುತ್ತಾರೆ. ಆಗಲೂ ತಲೆ ಎಣಿಸುವಂತಿಲ್ಲ; ಆಳಿಗೊಂದು ಪಾತ್ರೆ ತಂದು ದಂಡೆಯಲ್ಲಿ ಸಾಲಾಗಿ ಇಡಬೇಕು. ಪಾತ್ರೆ ಎಣಿಸಿದರೆ ದೃಷ್ಟಿ ಇಲ್ಲವಲ್ಲ ಎಂದು ಖುಷಿಯಿಂದ ಎಣಿಸಿದೆ. ನಾನೂರು ದಾಟಿತು. ಬತ್ತಲಗುಂಡಿಗೆ ಕೊಟ್ಟ ಹೆಣ್ಣುಮಕ್ಕಳ ಹೆಸರಿನಲ್ಲಿ ಪಾತ್ರೆ, ಹೊಟ್ಟೆಯಲ್ಲಿರುವ ಕೂಸಿಗೂ ಒಂದು ಲೋಟ.

ನಾನೂರು ಎಂದು ಬರೆದರೆ ಯಾರು ನಂಬುತ್ತಾರೆ? ಮುಂದಿನ ವಾರ ಕಾಲುವೆ ಹೂಳೆತ್ತಲು ಊರಿನವರೆಲ್ಲ ಬರಬೇಕಿತ್ತು. ಅಲ್ಲಿ ಎಣಿಸಿದರೆ ಮೂವತ್ತೊಂದು. ಹನ್ನೊಂದು ಪಾತ್ರೆ ಇಟ್ಟ ಮನೆಯಿಂದ ಒಬ್ಬ ಅಣ್ಣ ಮಾತ್ರ ಗುದ್ದಲಿ ಹಿಡಿದು ನಿಂತಿದ್ದ. ಉಳಿದ ಹತ್ತು ಜನ ಎಲ್ಲಿ ಎಂದು ಕೇಳಿದೆ.

"ಅವರೆಲ್ಲಾ ಮೀನ್ ತಿನ್ನೋ ಜನ ಟೀಚರಮ್ಮಾ" ಎಂದ.

ಬಸ್ಸು ಬಂದ ದಿನ

ನಾನು ಎರಡು ಲೆಕ್ಕವನ್ನೂ ಕಳಿಸಿದೆ. ಬಸ್ ಆಫೀಸಿನವರಿಗೆ ತಲೆ ಕೆಟ್ಟಿತು. ಕೊನೆಗೆ ಒಬ್ಬ ಸಾರ್ ತಾವೇ ನೋಡುತ್ತೇನೆಂದು ಜೀಪಿನಲ್ಲಿ ಬಂದರು. ಹಿಂದೆಯೇ ದಾರಿ ಪರೀಕ್ಷೆಗೆ ಒಂದು ಖಾಲಿ ಬಸ್ಸು ಬರುವುದಿತ್ತು.

ಸಾರ್ ಬಂದು ನೋಡಿದರೆ ಊರಲ್ಲಿ ನಾನೊಬ್ಬಳೇ. ಹೊಸ ಸೊಸೆಯಾಗಲಿ, ಹೊಸ ಎತ್ತಾಗಲಿ, ಎದುರು ಹೋಗಿ ಕರೆತರುವುದು ಇಲ್ಲಿನ ಪದ್ಧತಿ. ಬಸ್ಸನ್ನು ಕರೆತರಲು ಇಡೀ ಊರು ದೊಡ್ಡ ರಸ್ತೆಗೆ ಹೋಗಿತ್ತು. ಹಾಗೆಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ಇನ್ನು ಅತ್ತೆಯ ಮಂಡಿಗೆ ಎಣ್ಣೆಯೇ ಗತಿ ಎಂದುಕೊಂಡೆ.

ಅಷ್ಟರಲ್ಲಿ ಬಸ್ಸು ತುಂಬಿ ತುಳುಕುತ್ತಾ ಬಂತು. ಸಾರ್ ಮುಂದಿನ ಬಾಗಿಲಲ್ಲಿ ನಿಂತು, ಇಳಿದವರಿಗೆಲ್ಲ ಒಂದೊಂದು ಗೀಟು ಹಾಕತೊಡಗಿದರು. ನೂರು ಆಯಿತು, ನೂರೈವತ್ತು ಆಯಿತು. ಜನ ಇಳಿಯುತ್ತಲೇ ಇದ್ದರು. ಅಷ್ಟು ಜನ ನಮ್ಮೂರಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ನೂರ ತೊಂಬತ್ತಕ್ಕೆ ಸಾರ್ ಪೆನ್ನು ನಿಲ್ಲಿಸಿದರು.

"ಏನಮ್ಮಾ, ನೀವು ಇಳೀತಿರೋದು ಇದು ಮೂರನೇ ಸಲ ಅಲ್ವಾ?" ಎಂದು ತಮಿಳಿನಲ್ಲಿ ಕೇಳಿದರು.

ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತವರು ನಮ್ಮತ್ತೆ. ಅತ್ತೆ ಮಂಡಿ ನೀವಿಕೊಂಡು, ತಮಿಳಿನಲ್ಲೇ ನಿಧಾನವಾಗಿ ಉತ್ತರ ಕೊಟ್ಟರು.

"ಮೂವತ್ತು ವರ್ಷ ನಡೆದ ಕಾಲು ಸಾರ್. ನಾಳೆಯಿಂದ ದಿನಾ ಬಸ್ಸಿಳೀಬೇಕಲ್ಲ, ಪಳಗಿಸ್ತಾ ಇದೀನಿ."

ಸಾರ್ ಆ ಮಂಡಿಯನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ನಗು ಬಾರದಂತೆ ತುಟಿ ಕಚ್ಚಿಕೊಂಡು ಇನ್ನೂರು ಎಂದು ಬರೆದು ಸಹಿ ಹಾಕಿದರು. ಬಸ್ಸು ಬರುತ್ತದೆ, ಇನ್ನು ಇಳಿದದ್ದು ಸಾಕು ಎಂದು ಹೇಳಲು ಸಾರ್ ತಲೆ ಎತ್ತಿದರೆ, ಅತ್ತೆ ಆಗಲೇ ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದರು.